ಹರಾಜಿನ ಅಂಗಳದಿಂದ ಕಾಫಿ ತೋಟಕ್ಕೆ: ಮಲೆನಾಡಿನ ಹಳೆಯ ಜೀಪುಗಳ ಚರಿತ್ರೆ

ಕೊಡಗು, ಹಾಸನ, ಚಿಕ್ಕಮಗಳೂರು, ಶಿವಮೊಗ್ಗ ಜಿಲ್ಲೆಗಳ ಘಟ್ಟದಂಚಿನ ಊರುಗಳಿಗೆ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹರಿಯುವ ವಾಹನ ಹೇಗೆ ಬಂದಿತೆಂಬುದನ್ನು ತಯಾರಕರ ದಾಖಲೆಗಳಿಂದ ಮಾತ್ರ ತಿಳಿಯಹೊರಟರೆ ಚರಿತ್ರೆಯ ದೊಡ್ಡ ಪಾಲು ಕೈತಪ್ಪಿಹೋಗುತ್ತದೆ. ಕಾರ್ಖಾನೆಯಿಂದ ಹೊಸದಾಗಿ ಬಂದ ಜೀಪನ್ನು ಕೊಳ್ಳುವ ಶಕ್ತಿ ಇದ್ದದ್ದು ಸೇನೆಗೆ, ಸರ್ಕಾರಿ ಇಲಾಖೆಗಳಿಗೆ ಮತ್ತು ದೊಡ್ಡ ಎಸ್ಟೇಟುಗಳಿಗೆ. ಹತ್ತಿಪ್ಪತ್ತು ಎಕರೆಯ ಕಾಫಿ, ಅಡಿಕೆ, ಏಲಕ್ಕಿ ಬೆಳೆಗಾರರ ಮನೆಯಂಗಳ ತಲುಪಿದ ಜೀಪು ಬಹುಮಟ್ಟಿಗೆ ಇವರೆಲ್ಲ ಬಳಸಿ, ಸವೆಸಿ, ಹರಾಜಿಗೆ ಹಾಕಿದ ಜೀಪಾಗಿತ್ತು. ಅದರ ತಳ ತುಕ್ಕು ಹಿಡಿದಿದ್ದರೆ ಕತ್ತರಿಸಿ ಬೆಸೆದು, ಎಂಜಿನ್ ಸತ್ತಿದ್ದರೆ ಬೇರೊಂದು ವಾಹನದ ಎಂಜಿನ್ ತಂದು ಕೂರಿಸಿ, ಮತ್ತೆ ಇಪ್ಪತ್ತು ವರ್ಷ ಓಡುವಂತೆ ಮಾಡಿದವರು ತಾಲ್ಲೂಕು ಕೇಂದ್ರಗಳ ಗ್ಯಾರೇಜಿನವರು, ಲೇತಿನವರು ಮತ್ತು ವೆಲ್ಡರುಗಳು. ಆದ್ದರಿಂದ ಮಲೆನಾಡಿನಲ್ಲಿ ಜೀಪಿನ ಚರಿತ್ರೆಯು ತಯಾರಿಕೆಯ ಚರಿತ್ರೆ ಎನ್ನುವುದಕ್ಕಿಂತ ಹೆಚ್ಚಾಗಿ ಕೈಬದಲಾವಣೆಯ ಮತ್ತು ದುರಸ್ತಿಯ ಚರಿತ್ರೆಯಾಗಿದ್ದು, ಈ ವಾಹನವನ್ನು ಸಾಧಾರಣ ಕೃಷಿಕರ ಕೈಗೆಟುಕಿಸಿದ ಶ್ರೇಯಸ್ಸು ಕಾರ್ಖಾನೆಗಳಿಗಿಂತ ಹರಾಜಿನ ಪದ್ಧತಿಗೂ ಸಣ್ಣ ಊರುಗಳ ಈ ಕುಶಲಕರ್ಮಿಗಳಿಗೂ ಹೆಚ್ಚು ಸಲ್ಲಬೇಕು.

ಜೀಪಿನ ಅಗತ್ಯ ಹುಟ್ಟಿದ್ದು ಈ ಪ್ರದೇಶದ ಮಳೆಯಿಂದ ಮತ್ತು ಮನೆಗಳು ಇರುವ ರೀತಿಯಿಂದ. ಬಯಲುಸೀಮೆಯ ಹಳ್ಳಿಗಳಂತೆ ಇಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುವುದಿಲ್ಲ. ಪ್ರತಿಯೊಂದು ಕುಟುಂಬವೂ ತನ್ನ ಗದ್ದೆ ಮತ್ತು ತೋಟದ ನಡುವೆ ಬೇರೆಯಾಗಿ ಮನೆ ಕಟ್ಟಿಕೊಂಡಿದ್ದು, ಡಾಂಬರು ರಸ್ತೆಯಿಂದ ಆ ಮನೆಗೆ ಹೋಗುವ ದಾರಿಯನ್ನು ಮನೆಯವರೇ ಕಡಿದು ಮಾಡಿಕೊಳ್ಳಬೇಕಾಗಿತ್ತು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಆಗುಂಬೆಯಂತಹ ಸ್ಥಳಗಳನ್ನು ಬದಿಗಿಟ್ಟು ನೋಡಿದರೂ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದಂಚಿನ ಮಣ್ಣಿನ ದಾರಿಗಳು ಜಾರುವ ಕೆಸರಾಗಿ ಮಾರ್ಪಡುತ್ತವೆ. ಏರಿನಲ್ಲಿ ನೀರು ಹರಿದು ಕೊರೆದ ಹಳ್ಳಗಳು ವರ್ಷದಿಂದ ವರ್ಷಕ್ಕೆ ಆಳವಾಗುತ್ತವೆ. ಗೊಬ್ಬರ ಒಳಗೆ ಬರಬೇಕು, ಕಾಫಿಯ ಮೂಟೆ ಹೊರಗೆ ಹೋಗಬೇಕು, ಹೆರಿಗೆಯ ನೋವು ಕಾಣಿಸಿಕೊಂಡವರನ್ನು ನಡುರಾತ್ರಿಯಲ್ಲಾದರೂ ಆಸ್ಪತ್ರೆಗೆ ಸೇರಿಸಬೇಕು ಎಂಬ ಒತ್ತಡಗಳ ನಡುವೆ ಎತ್ತಿನ ಗಾಡಿಗೆ ಪರ್ಯಾಯವಾಗಬಲ್ಲ ಯಂತ್ರವೊಂದೇ ಇತ್ತು. ನಗರದ ಓದುಗರಿಗೆ ನಾಲ್ಕು ಚಕ್ರ ಚಾಲನೆಯು ಸಾಹಸಪ್ರಿಯರ ಹವ್ಯಾಸದಂತೆ ತೋರಬಹುದಾದರೂ, ಈ ಮನೆಗಳ ಮಟ್ಟಿಗೆ ಅದು ಮಳೆಗಾಲದ ನಾಲ್ಕು ತಿಂಗಳು ಹೊರಜಗತ್ತಿನೊಂದಿಗೆ ಉಳಿಯುವ ಸಂಪರ್ಕದ ಪ್ರಶ್ನೆಯಾಗಿತ್ತು.

ಆ ಯಂತ್ರದ ಒಳಗಿನ ಏರ್ಪಾಡನ್ನು ಇಲ್ಲಿಯೇ ಸ್ವಲ್ಪ ವಿವರಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಮುಂದೆ ಬರುವ ಮಾರ್ಪಾಡುಗಳೆಲ್ಲ ಅದನ್ನೇ ಅವಲಂಬಿಸಿವೆ. ಸಾಮಾನ್ಯ ವಾಹನದಲ್ಲಿ ಎಂಜಿನ್ನಿನ ಬಲ ಗೇರ್ ಬಾಕ್ಸಿನಿಂದ ಒಂದೇ ಜೋಡಿ ಚಕ್ರಗಳಿಗೆ ಹೋಗುತ್ತದೆ, ಮತ್ತು ಆ ಎರಡು ಚಕ್ರಗಳ ನಡುವೆ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಕೂಟವಿರುತ್ತದೆ. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಉರುಳಬೇಕಾದ್ದರಿಂದ ಎರಡಕ್ಕೂ ಬೇರೆ ಬೇರೆ ವೇಗ ಸಿಗುವಂತೆ ನೋಡಿಕೊಳ್ಳುವುದು ಅದರ ಕೆಲಸ. ಕೆಸರಿನಲ್ಲಿ ಇದೇ ಗುಣ ದೋಷವಾಗುತ್ತದೆ: ಒಂದು ಚಕ್ರ ಹಿಡಿತ ಕಳೆದುಕೊಂಡು ಸುಮ್ಮನೆ ಸುತ್ತತೊಡಗಿದರೆ ಗಟ್ಟಿ ನೆಲದ ಮೇಲಿರುವ ಇನ್ನೊಂದು ಚಕ್ರಕ್ಕೂ ಬಲ ಸಿಗದೆ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಜೀಪಿನಲ್ಲಿ ಗೇರ್ ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್ ಎಂಬ ಎರಡನೆಯ ಪೆಟ್ಟಿಗೆಯಿದ್ದು, ಸಣ್ಣ ಸನ್ನೆಗೋಲೊಂದನ್ನು ಸರಿಸಿದಾಗ ಅದು ಮುಂದಿನ ಅಚ್ಚಿಗೂ ಬಲವನ್ನು ಕಳಿಸುತ್ತದೆ. ಇನ್ನೊಂದನ್ನು ಸರಿಸಿದಾಗ ‘ಲೋ’ ಎಂದು ಕರೆಯಲಾಗುವ ನಿಧಾನಗತಿಯ ಹಲ್ಲುಜೋಡಿ ಸೇರಿಕೊಳ್ಳುತ್ತದೆ. ಎರಡನೆಯ ಮಹಾಯುದ್ಧದ ವಿಲ್ಲೀಸ್ ಜೀಪಿನಲ್ಲಿ ಒಂದನೇ ಗೇರಿನ ಅನುಪಾತ ಸುಮಾರು 2.66, ಟ್ರಾನ್ಸ್‌ಫರ್ ಕೇಸಿನ ‘ಲೋ’ ಅನುಪಾತ 1.97, ಅಚ್ಚಿನ ಅನುಪಾತ 4.88 ಆಗಿದ್ದು, ಮೂರನ್ನೂ ಗುಣಿಸಿದರೆ ಎಂಜಿನ್ ಸುಮಾರು 26 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುತ್ತಿತ್ತು. ಕೇವಲ 60 ಅಶ್ವಶಕ್ತಿಯ ಎಂಜಿನ್ ಭಾರ ಹೊತ್ತು ಕಡಿದಾದ ಏರನ್ನು ಹತ್ತುತ್ತಿದ್ದುದರ ಗುಟ್ಟು ಇದೇ.

ಈ ವಾಹನದ ಹುಟ್ಟು ಅಮೆರಿಕದ ಸೇನೆಯ ಅವಸರದಲ್ಲಿದೆ. 1940ರಲ್ಲಿ ಹಗುರವಾದ ನಾಲ್ಕು ಚಕ್ರ ಚಾಲನೆಯ ಗಾಡಿಯೊಂದರ ಮಾದರಿಯನ್ನು 49 ದಿನಗಳಲ್ಲಿ ಒಪ್ಪಿಸಬೇಕೆಂದು ಸೇನೆ ಕರೆ ಕೊಟ್ಟಾಗ ಬ್ಯಾಂಟಮ್ ಎಂಬ ಸಣ್ಣ ಕಂಪನಿಗಾಗಿ ಕಾರ್ಲ್ ಪ್ರೋಬ್ಸ್ಟ್ ಎಂಬ ಎಂಜಿನಿಯರ್ ನಕ್ಷೆ ತಯಾರಿಸಿದನು, ಸೆಪ್ಟೆಂಬರಿನಲ್ಲಿ ಮಾದರಿ ಸೇನೆಯ ಕೈಸೇರಿತು. ಆದರೆ ದೊಡ್ಡ ಪ್ರಮಾಣದ ತಯಾರಿಕೆ ವಿಲ್ಲೀಸ್ ಓವರ್‌ಲ್ಯಾಂಡ್ ಮತ್ತು ಫೋರ್ಡ್ ಕಂಪನಿಗಳ ಪಾಲಾಯಿತು. ಯುದ್ಧ ಮುಗಿಯುವ ಹೊತ್ತಿಗೆ ಈ ಎರಡು ಕಂಪನಿಗಳು ಸುಮಾರು 6,40,000 ಜೀಪುಗಳನ್ನು ತಯಾರಿಸಿದ್ದವು. ಸೇನೆಯ ಶರತ್ತಿನಂತೆ ಫೋರ್ಡ್ ಜೀಪಿನ ಭಾಗ ವಿಲ್ಲೀಸ್ ಜೀಪಿಗೂ ವಿಲ್ಲೀಸಿನದು ಫೋರ್ಡಿಗೂ ಹೊಂದಬೇಕಾಗಿತ್ತು, ಏಕೆಂದರೆ ರಣಭೂಮಿಯಲ್ಲಿ ಮುರಿದ ಎರಡು ಗಾಡಿಗಳಿಂದ ಓಡುವ ಒಂದು ಗಾಡಿಯನ್ನು ಕಟ್ಟಿಕೊಳ್ಳುವುದು ಸಾಧ್ಯವಾಗಬೇಕಿತ್ತು. ಯುದ್ಧಕ್ಕಾಗಿ ವಿಧಿಸಿದ ಈ ನಿಯಮವೇ ಮುಂದೆ ಹಾಸನದ, ಮಡಿಕೇರಿಯ ಗ್ಯಾರೇಜುಗಳಿಗೆ ವರವಾಯಿತು.

ಯುದ್ಧಕಾಲದಲ್ಲಿ ಭಾರತ ಮಿತ್ರಪಡೆಗಳ ದೊಡ್ಡ ನೆಲೆಯಾಗಿತ್ತು. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಿಂದ ಅಮೆರಿಕದ ವಾಯುಪಡೆಯ 84ನೇ ಏರ್ ಡಿಪೋ ಆಗಿ ಯುದ್ಧವಿಮಾನಗಳ ದುರಸ್ತಿಯಲ್ಲಿ ತೊಡಗಿತ್ತು. ಯುದ್ಧ ಮುಗಿದೊಡನೆ ಇಲ್ಲಿ ರಾಶಿಬಿದ್ದ ವಾಹನ, ಯಂತ್ರ, ಟೈರು, ಡೇರೆಗಳನ್ನೆಲ್ಲ ಹಡಗಿನಲ್ಲಿ ಮರಳಿ ಸಾಗಿಸುವುದು ಅಮೆರಿಕಕ್ಕೆ ಲಾಭದಾಯಕವಾಗಿರಲಿಲ್ಲ. 1946ರ ಮೇ ತಿಂಗಳ ಒಪ್ಪಂದದಲ್ಲಿ ಎರಡು ಸರ್ಕಾರಗಳು ಯುದ್ಧಕಾಲದ ಲೇವಾದೇವಿಯ ಲೆಕ್ಕ ಚುಕ್ತಾ ಮಾಡಿಕೊಂಡಾಗ ಭಾರತದಲ್ಲಿದ್ದ ಅಮೆರಿಕದ ಹೆಚ್ಚುವರಿ ಸಾಮಗ್ರಿಯ ಪ್ರಶ್ನೆಯೂ ಅದರಲ್ಲಿಯೇ ಇತ್ಯರ್ಥವಾಯಿತು. ಹೀಗೆ ಉಳಿದ ಸಾಮಗ್ರಿ ವಿಲೇವಾರಿಯ ಮೂಲಕ ಜನರ ಕೈಸೇರತೊಡಗಿತು, ಮತ್ತು ‘ಮಿಲಿಟರಿ ಡಿಸ್ಪೋಸಲ್’ ಎಂಬ ಮಾತು ಅಂದಿನಿಂದ ಪೇಟೆಯಲ್ಲಿ ನೆಲೆನಿಂತಿತು.

ಹಳೆಯ ಜೀಪನ್ನು ಕೊಳ್ಳುವುದರಲ್ಲಿ ಇರುವ ಅಪಾಯವನ್ನು ಸ್ವತಂತ್ರ ಭಾರತದ ಸರ್ಕಾರವೇ ಮೊದಲು ಅನುಭವಿಸಿತೆಂಬುದು ಈ ಚರಿತ್ರೆಯಲ್ಲಿ ಬಿಡಲಾಗದ ಸಂಗತಿ. 1948ರಲ್ಲಿ ಕಾಶ್ಮೀರದ ಕಾಳಗದ ವೇಳೆ ಸೇನೆಗೆ ಜೀಪುಗಳ ತುರ್ತು ಅಗತ್ಯ ಬಿದ್ದಾಗ, ಲಂಡನ್ನಿನಲ್ಲಿ ಭಾರತದ ಹೈಕಮಿಷನರ್ ಆಗಿದ್ದ ವಿ.ಕೆ. ಕೃಷ್ಣ ಮೆನನ್ ಅವರು ವಾಡಿಕೆಯ ಕ್ರಮವನ್ನು ಬದಿಗಿಟ್ಟು ವಿದೇಶಿ ಸಂಸ್ಥೆಯೊಂದರೊಡನೆ ದುರಸ್ತಿಗೊಂಡ ಹಳೆಯ ಜೀಪುಗಳಿಗೆ ಒಪ್ಪಂದ ಮಾಡಿಕೊಂಡರು. ಬಂದಿಳಿದ 155 ಜೀಪುಗಳು ಬಳಕೆಗೆ ಯೋಗ್ಯವಲ್ಲವೆಂದು ಸೇನೆ ತಿರಸ್ಕರಿಸಿತು. ಸಂಸತ್ತಿನಲ್ಲಿ ವರ್ಷಗಟ್ಟಲೆ ಚರ್ಚೆಯಾದ ಈ ಪ್ರಕರಣವನ್ನು ಸರ್ಕಾರ 1955ರಲ್ಲಿ ಮುಕ್ತಾಯವೆಂದು ಘೋಷಿಸಿತು. ರಾಜಕೀಯ ಇತಿಹಾಸದಲ್ಲಿ ಇದು ‘ಜೀಪ್ ಹಗರಣ’ವೆಂದು ದಾಖಲಾಗಿದೆ, ವಾಹನದ ಇತಿಹಾಸದ ದೃಷ್ಟಿಯಿಂದ ನೋಡಿದರೆ, ಕೊಳ್ಳುವ ಮುನ್ನ ಗಾಡಿಯನ್ನು ಕಣ್ಣಾರೆ ಕಂಡು, ತಳಕ್ಕೆ ಇಳಿದು ಪರೀಕ್ಷಿಸಬೇಕೆಂಬ ಮಲೆನಾಡಿನ ಕೊಳ್ಳುಗರ ಪದ್ಧತಿಗೆ ಇದಕ್ಕಿಂತ ಬಲವಾದ ಸಮರ್ಥನೆ ಬೇಕಿಲ್ಲ.

ಹೊಸ ಜೀಪುಗಳ ದೇಶೀಯ ಜೋಡಣೆಯೂ ಅದೇ ವರ್ಷಗಳಲ್ಲಿ ಆರಂಭವಾಯಿತು. 1945ರಲ್ಲಿ ಮಹೀಂದ್ರ ಅಂಡ್ ಮಹಮ್ಮದ್ ಎಂಬ ಹೆಸರಿನಲ್ಲಿ ಉಕ್ಕಿನ ವ್ಯಾಪಾರಕ್ಕಾಗಿ ಹುಟ್ಟಿ, ಪಾಲುದಾರರಲ್ಲೊಬ್ಬರಾದ ಮಲಿಕ್ ಗುಲಾಮ್ ಮಹಮ್ಮದ್ ಪಾಕಿಸ್ತಾನಕ್ಕೆ ಹೋದ ಮೇಲೆ 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಎಂದು ಹೆಸರು ಬದಲಿಸಿಕೊಂಡ ಸಂಸ್ಥೆ, ಬಿಡಿಭಾಗಗಳ ರೂಪದಲ್ಲಿ ಬಂದ ವಿಲ್ಲೀಸ್ ಜೀಪುಗಳನ್ನು ಮುಂಬಯಿಯ ಮಜಗಾಂವಿನಲ್ಲಿ ಜೋಡಿಸತೊಡಗಿತು. ಭಾರತದಲ್ಲಿ ದೀರ್ಘಕಾಲ ಉಳಿದ ಮಾದರಿ ಸಿ.ಜೆ. 3ಬಿ, ಮೇಲ್ಗವಾಟವಿದ್ದ ಎತ್ತರದ ಎಂಜಿನ್ನಿಗೆ ಜಾಗ ಮಾಡಿಕೊಡಲು ಅದರ ಬಾನೆಟ್ಟನ್ನು ಏರಿಸಲಾಗಿತ್ತು, ಮತ್ತು ಆ ಎತ್ತರದ ಮೂತಿಯೇ ಹಲವು ದಶಕಗಳ ಕಾಲ ಭಾರತೀಯರಿಗೆ ಜೀಪಿನ ಚಹರೆಯಾಗಿತ್ತು. ಪರವಾನಗಿ ಪದ್ಧತಿಯ ಕಾಲದಲ್ಲಿ ಆಮದಿಗೆ ಅಡೆತಡೆಯಿದ್ದುದರಿಂದ, ಪೈಪೋಟಿ ಕಡಿಮೆಯಿದ್ದುದರಿಂದ, ಒಂದೇ ವಿನ್ಯಾಸ ಸಣ್ಣಪುಟ್ಟ ಬದಲಾವಣೆಗಳೊಂದಿಗೆ ತಲೆಮಾರುಗಳವರೆಗೆ ಮುಂದುವರಿಯಿತು. ಆರ್ಥಿಕ ಇತಿಹಾಸಕಾರರು ಇದನ್ನು ನಿಶ್ಚಲತೆಯೆಂದು ಟೀಕಿಸುವುದುಂಟು, ಆ ಟೀಕೆಯಲ್ಲಿ ಹುರುಳಿದೆ. ಆದರೆ ಕಡಿಮೆ ದುಡ್ಡಿನಲ್ಲಿ ಹಳೆಯ ಗಾಡಿ ಕಟ್ಟಿಕೊಳ್ಳುವವರಿಗೆ ಈ ನಿಶ್ಚಲತೆಯೇ ಆಧಾರವಾಯಿತು. ಗುಜರಿಗೆ ಬಿದ್ದ ಒಂದು ಜೀಪಿನ ಅಚ್ಚು, ದಶಕಗಳ ಅಂತರದಲ್ಲಿ ತಯಾರಾದ ಇನ್ನೊಂದು ಜೀಪಿಗೆ ಅಲ್ಪ ತಿದ್ದುಪಡಿಯಿಂದ ಕೂರುತ್ತಿದ್ದಂತಹ ಸ್ಥಿತಿ ಬೇರೆ ವಾಹನಗಳ ವಿಷಯದಲ್ಲಿ ವಿರಳ.

ಹೊಸ ಜೀಪು ಹಳೆಯದಾಗಿ ಜನರ ಕೈಗೆ ಬರುತ್ತಿದ್ದುದು ಮುಖ್ಯವಾಗಿ ಎರಡು ದಾರಿಗಳಿಂದ. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದ ಮೇಲೆ ಬ್ಲಾಕ್ ಅಭಿವೃದ್ಧಿ ಅಧಿಕಾರಿಯ ಜೀಪು ಗ್ರಾಮೀಣ ಆಡಳಿತದ ಗುರುತಾಯಿತು. ಅರಣ್ಯ, ಲೋಕೋಪಯೋಗಿ, ಮಲೇರಿಯಾ ನಿಯಂತ್ರಣ, ಪೊಲೀಸ್ ಇಲಾಖೆಗಳೂ ಜೀಪನ್ನೇ ನೆಚ್ಚಿಕೊಂಡವು. ಈ ವಾಹನಗಳು ನಿಗದಿತ ಆಯುಷ್ಯ ಮುಗಿಸಿ ‘ಕಂಡೆಮ್’ ಆದಾಗ, ಎಂದರೆ ಸರ್ಕಾರಿ ಬಳಕೆಗೆ ಅನರ್ಹವೆಂದು ಘೋಷಿತವಾದಾಗ, ಕಚೇರಿಯ ಆವರಣದಲ್ಲಿಯೇ ಬಹಿರಂಗ ಹರಾಜಾಗುತ್ತಿದ್ದವು. ಎರಡನೆಯ ದಾರಿ ಸೇನೆಯದು. ಜನರಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅವರಂತಹ ಸೇನಾನಿಗಳನ್ನು ಕೊಟ್ಟ ಕೊಡಗಿನಲ್ಲಿ ನಿವೃತ್ತ ಸೈನಿಕರಿಲ್ಲದ ಊರು ವಿರಳವಾಗಿದ್ದು, ಸೇನೆಯಲ್ಲಿ ಜೀಪು ಓಡಿಸಿ, ಬಿಚ್ಚಿ ಜೋಡಿಸಿ ಅನುಭವವಿದ್ದವರು ತೋಟಕ್ಕೆ ಮರಳಿದಾಗ ಅದೇ ವಾಹನವನ್ನು ಬಯಸಿದ್ದರಲ್ಲಿ ಆಶ್ಚರ್ಯವಿಲ್ಲ.

ಸೇನೆಯಿಂದ ಬಂದ ಗಾಡಿಗಳಲ್ಲಿ ಜೊಂಗಾಕ್ಕೆ ಬೇರೆಯೇ ಸ್ಥಾನವಿದೆ. ನಿಸ್ಸಾನ್ ಪಟ್ರೋಲ್ ವಾಹನದ ವಿನ್ಯಾಸವನ್ನು ಆಧರಿಸಿ ಜಬಲ್ಪುರದ ಸೇನಾ ವಾಹನ ಕಾರ್ಖಾನೆಯಲ್ಲಿ 1969ರಿಂದ 1990ರ ದಶಕದ ಕೊನೆಯವರೆಗೆ ತಯಾರಾದ ಈ ವಾಹನಕ್ಕೆ ಸುಮಾರು ನಾಲ್ಕು ಲೀಟರ್ ಸಾಮರ್ಥ್ಯದ ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಇದ್ದು, ಬಲದಲ್ಲಿ ಅದು ಜೀಪನ್ನು ಬಹಳ ಮೀರಿಸಿತ್ತು, ಪೆಟ್ರೋಲ್ ಕುಡಿಯುವುದರಲ್ಲಿಯೂ ಹಾಗೆಯೇ. ಸೇನೆ ಜೊಂಗಾಗಳನ್ನು ಹಂತಹಂತವಾಗಿ ಹರಾಜಿಗೆ ಬಿಟ್ಟಾಗ ಅವುಗಳ ಬೆಲೆ ಕಡಿಮೆಯಿದ್ದುದಕ್ಕೆ ಈ ಹೊಟ್ಟೆಬಾಕತನವೇ ಕಾರಣ. ಕೊಂಡವರು ಪೆಟ್ರೋಲ್ ಎಂಜಿನ್ನನ್ನು ಇಳಿಸಿ ಡೀಸೆಲ್ ಎಂಜಿನ್ ಕೂರಿಸುವುದನ್ನು ಖರೀದಿಯ ಲೆಕ್ಕದಲ್ಲಿಯೇ ಸೇರಿಸಿಕೊಂಡಿರುತ್ತಿದ್ದರು.

ಎಂಜಿನ್ ಬದಲಾವಣೆಯ ಈ ಪದ್ಧತಿಯೇ ಹಳೆಯ ಜೀಪಿನ ಚರಿತ್ರೆಯ ಅತ್ಯಂತ ಕುಶಲವಾದ ಅಧ್ಯಾಯ. 1973ರ ತೈಲ ಬಿಕ್ಕಟ್ಟಿನ ತರುವಾಯ ಪೆಟ್ರೋಲ್ ದುಬಾರಿಯಾಗಿ, ಡೀಸೆಲ್ ಅದಕ್ಕಿಂತ ಅಗ್ಗವಾಗಿ ಉಳಿದಾಗ, ಪೆಟ್ರೋಲ್ ಜೀಪನ್ನು ದಿನನಿತ್ಯ ಓಡಿಸುವುದು ಸಣ್ಣ ಬೆಳೆಗಾರರಿಗೆ ಭಾರವಾಯಿತು. ಮಹೀಂದ್ರ ಸಂಸ್ಥೆ 1980ರ ದಶಕದಲ್ಲಿ ಫ್ರಾನ್ಸಿನ ಪ್ಯೂಜೋ ಮೂಲದ 2,112 ಸಿ.ಸಿ. ಡೀಸೆಲ್ ಎಂಜಿನ್ನಿನ ಎಂ.ಎಂ. 540 ಮಾದರಿಯನ್ನು ಮಾರುಕಟ್ಟೆಗೆ ತಂದಿತಾದರೂ, ಅದಕ್ಕೂ ಮೊದಲೇ ಗ್ಯಾರೇಜುಗಳು ತಮ್ಮದೇ ಉತ್ತರಗಳನ್ನು ಕಂಡುಕೊಂಡಿದ್ದವು. ಮದರಾಸಿನ ಸಿಂಪ್ಸನ್ ಕಂಪನಿ ತಯಾರಿಸುತ್ತಿದ್ದ ಪರ್ಕಿನ್ಸ್ ಡೀಸೆಲ್ ಎಂಜಿನ್, ಆಮೇಲೆ ಮಹೀಂದ್ರದ್ದೇ ಡೀಸೆಲ್ ಎಂಜಿನ್ನುಗಳು, ಬಜಾಜ್ ಟೆಂಪೊ ಕಂಪನಿ ಮರ್ಸಿಡಿಸ್ ಪರವಾನಗಿಯಡಿ ತಯಾರಿಸಿದ 2.4 ಲೀಟರಿನ ಎಂಜಿನ್, ಹೀಗೆ ಅಪಘಾತಕ್ಕೀಡಾದ ಅಥವಾ ಗುಜರಿಗೆ ಬಂದ ವಾಹನಗಳ ಎಂಜಿನ್ನುಗಳು ವಿಲ್ಲೀಸ್ ಚಾಸಿಗಳ ಮೇಲೆ ಕುಳಿತವು.

ಇದು ಹಳೆಯ ಎಂಜಿನ್ ಬಿಚ್ಚಿ ಹೊಸದನ್ನು ಬೋಲ್ಟು ಮಾಡುವಷ್ಟು ಸರಳ ಕೆಲಸವಾಗಿರಲಿಲ್ಲ. ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವಿನ ಗಂಟೆಯಾಕಾರದ ಕವಚವಾದ ಬೆಲ್ ಹೌಸಿಂಗಿನ ರಂಧ್ರಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲವಾದ್ದರಿಂದ, ದಪ್ಪ ಉಕ್ಕಿನ ತಟ್ಟೆಯೊಂದನ್ನು ಲೇತಿನಲ್ಲಿ ಕಡೆದು ಎರಡೂ ಕಡೆಯ ರಂಧ್ರಗಳನ್ನು ಅದರಲ್ಲಿ ಕೊರೆದು ನಡುವೆ ಇಡಬೇಕಾಗಿತ್ತು; ಎರಡೂ ಯಂತ್ರಗಳ ನಡು ಅಕ್ಷ ಕೂದಲೆಳೆಯಷ್ಟು ತಪ್ಪಿದರೂ ಗೇರ್ ಬಾಕ್ಸಿನ ಬೇರಿಂಗು ಕೆಲವೇ ತಿಂಗಳಲ್ಲಿ ಹೋಗುತ್ತಿತ್ತು. ಡೀಸೆಲ್ ಎಂಜಿನ್ನಿನ ತೂಕ ಹೆಚ್ಚಾದ್ದರಿಂದ ಮುಂದಿನ ಪಟ್ಟಿ ಸ್ಪ್ರಿಂಗುಗಳಿಗೆ ಇನ್ನೊಂದು ಪ್ಲೇಟು ಸೇರಿಸಬೇಕಾಗುತ್ತಿತ್ತು, ರೇಡಿಯೇಟರನ್ನು ಮುಂದಕ್ಕೆ ಸರಿಸಬೇಕಾಗುತ್ತಿತ್ತು. ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು ಅಚ್ಚಿನ ಅನುಪಾತದ ಪ್ರಶ್ನೆ. ಯುದ್ಧಾನಂತರದ ನಾಗರಿಕ ಜೀಪುಗಳ ಅಚ್ಚಿನ ಅನುಪಾತ 5.38 ಆಗಿದ್ದು, 16 ಇಂಚಿನ ಮೂಲ ಟೈರಿನೊಂದಿಗೆ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಗಾಡಿಯ ವೇಗ ಗಂಟೆಗೆ ಸುಮಾರು 73 ಕಿಲೋಮೀಟರ್ ಆಗುತ್ತದೆ. ಪೆಟ್ರೋಲ್ ಎಂಜಿನ್ ಅದಕ್ಕಿಂತ ಜೋರಾಗಿ ಸುತ್ತಬಲ್ಲದು, ಆ ಕಾಲದ ಹಲವು ಡೀಸೆಲ್ ಎಂಜಿನ್ನುಗಳಿಗೆ ಅದು ಹೆಚ್ಚುಕಡಿಮೆ ಮಿತಿಯೇ ಆಗಿತ್ತು. ಅದೇ ಸುತ್ತಿಗೆ 4.27 ಅನುಪಾತದ ಅಚ್ಚಿನಲ್ಲಿ ವೇಗ 90 ಕಿಲೋಮೀಟರ್ ದಾಟುತ್ತದೆ. ಆದ್ದರಿಂದ ಬೆಂಗಳೂರಿಗೆ ಹೋಗಿಬರುವವರು ಅಚ್ಚಿನೊಳಗಿನ ಕ್ರೌನ್ ಮತ್ತು ಪಿನಿಯನ್ ಎಂಬ ಹಲ್ಲುಜೋಡಿಯನ್ನು ಬದಲಿಸಿಕೊಂಡರೆ, ತೋಟದೊಳಗೆ ಮಾತ್ರ ಓಡಿಸುವವರು ಹಳೆಯದನ್ನೇ ಉಳಿಸಿಕೊಂಡರು. ಮುಂದಿನ ಮತ್ತು ಹಿಂದಿನ ಅಚ್ಚುಗಳೆರಡರಲ್ಲಿಯೂ ಅನುಪಾತ ಒಂದೇ ಆಗಿರದಿದ್ದರೆ ನಾಲ್ಕು ಚಕ್ರ ಚಾಲನೆಗೆ ಹಾಕಿದ ಕ್ಷಣದಿಂದ ಯಂತ್ರ ತನ್ನನ್ನು ತಾನೇ ಮುರಿದುಕೊಳ್ಳತೊಡಗುತ್ತದೆಂಬ ತಿಳಿವಳಿಕೆ ಯಾವ ತಾಂತ್ರಿಕ ವಿದ್ಯಾಲಯಕ್ಕೂ ಹೋಗದ ಮೇಸ್ತ್ರಿಗಳಿಗೆ ಕರಗತವಾಗಿತ್ತು. ಈ ವಿದ್ಯೆಯನ್ನು ಬರೆದಿಟ್ಟವರಿಲ್ಲ. ಅದು ಗುರುವಿನಿಂದ ಹುಡುಗನಿಗೆ ಕೈಯಿಂದ ಕೈಗೆ ದಾಟಿತು, ಮತ್ತು ಅದರ ದಾಖಲೀಕರಣಕ್ಕೆ ಕನ್ನಡದಲ್ಲಿ ಇನ್ನೂ ಗಂಭೀರ ಪ್ರಯತ್ನ ನಡೆಯಬೇಕಾಗಿದೆ.

ಮಾರ್ಪಾಡಿನ ಇನ್ನೊಂದು ಬಗೆ ಎರಡು ಚಕ್ರ ಚಾಲನೆಯ ಜೀಪನ್ನು ನಾಲ್ಕು ಚಕ್ರ ಚಾಲನೆಗೆ ತಿರುಗಿಸುವುದು. ಇಲಾಖೆಗಳು ಕೊಂಡ ಜೀಪುಗಳೆಲ್ಲವೂ ಮುಂದಿನ ಅಚ್ಚಿಗೆ ಬಲ ಹರಿಸುವಂಥವಾಗಿರಲಿಲ್ಲ. ಬಯಲು ರಸ್ತೆಗೆ ಸಾಕೆಂದು ಬರಿಯ ಕಬ್ಬಿಣದ ಮುಂದಿನ ಅಚ್ಚಿರುವ ಜೀಪುಗಳೂ ತಯಾರಾಗುತ್ತಿದ್ದವು, ಹರಾಜಿನಲ್ಲಿ ಅವುಗಳ ಬೆಲೆಯೂ ಕಡಿಮೆಯಿರುತ್ತಿತ್ತು. ಅಂತಹದೊಂದನ್ನು ಕೊಂಡು, ಗುಜರಿಯಿಂದ ಬಲಹರಿಯುವ ಅಚ್ಚು, ಟ್ರಾನ್ಸ್‌ಫರ್ ಕೇಸು ಮತ್ತು ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನು ಬೇರೆ ಬೇರೆಯಾಗಿ ಹುಡುಕಿ ತಂದು, ವರ್ಷಕ್ಕೊಂದರಂತೆ ಕಾಫಿಯ ದುಡ್ಡು ಕೈಗೆ ಬಂದಾಗಲೆಲ್ಲ ಜೋಡಿಸಿಕೊಳ್ಳುವುದು ಒಟ್ಟು ಖರ್ಚನ್ನು ಒಂದೇ ಸಲ ಹೊರಲಾಗದವರಿಗೆ ಒದಗಿದ ಉಪಾಯವಾಗಿತ್ತು. ಟೈರುಗಳ ವಿಷಯದಲ್ಲಿಯೂ ಇಂತಹದೇ ಮಿತವ್ಯಯವಿತ್ತು: ಕೆಸರಿಗಾಗಿಯೇ ತಯಾರಾದ ದುಬಾರಿ ಟೈರುಗಳ ಬದಲು, ಸಾಧಾರಣ ಟೈರಿಗೆ ಮಳೆಗಾಲದಲ್ಲಿ ಕಬ್ಬಿಣದ ಚೈನು ಸುತ್ತಿ ಏರು ಹತ್ತುವ ರೂಢಿ ಮಲೆನಾಡಿನಲ್ಲಿ ಬೆಳೆಯಿತು.

ಬಿಡಿಭಾಗಗಳ ಪೇಟೆ ಕರ್ನಾಟಕದ ಎಲ್ಲೆಯನ್ನು ದಾಟಿ ಹಬ್ಬಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳು ಮತ್ತು ಶಿವಾಜಿನಗರದ ಗುಜರಿ ಸಾಲು ಹತ್ತಿರದ ಮೂಲಗಳಾದರೆ, ಸೇನೆಯ ಹರಾಜಿನ ಸಾಮಗ್ರಿ ದೊಡ್ಡ ಪ್ರಮಾಣದಲ್ಲಿ ಬಂದು ಬೀಳುತ್ತಿದ್ದುದು ದೆಹಲಿಯ ಮಾಯಾಪುರಿಯಲ್ಲಿ. ಪಂಜಾಬಿನ ಗಡಿಗೆ ಅಂಟಿಕೊಂಡಿರುವ ಹರಿಯಾಣದ ಡಬ್ವಾಲಿ ಪಟ್ಟಣದಲ್ಲಿ ಹರಾಜಿನ ಜೀಪುಗಳನ್ನು ಬಿಚ್ಚಿ ಹೊಸ ಹೊದಿಕೆ, ಹೊಸ ಎಂಜಿನ್ ಸಹಿತ ಕಟ್ಟಿಕೊಡುವುದೇ ಒಂದು ಉದ್ಯಮವಾಗಿ ಬೆಳೆಯಿತು. ಅಲ್ಲಿ ತಯಾರಾದ ತೆರೆದ ಜೀಪುಗಳು ದೇಶದ ದೂರದ ಭಾಗಗಳಿಗೂ ಹೋದವು. ಅಲ್ಲಿಯ ಕೆಲಸ ಕಣ್ಣಿಗೆ ಕಾಣುವ ಅಲಂಕಾರಕ್ಕೆ ಒತ್ತುಕೊಟ್ಟರೆ ಮಲೆನಾಡಿನ ಗ್ಯಾರೇಜುಗಳು ಭಾರ ಹೊರುವ ಶಕ್ತಿಗೆ ಒತ್ತುಕೊಟ್ಟವು, ಮತ್ತು ಈ ವ್ಯತ್ಯಾಸಕ್ಕೆ ಕಾರಣ ಎರಡೂ ಕಡೆಯ ನೆಲವೇ.

ಹಳೆಯ ಜೀಪುಗಳ ಪೂರೈಕೆ ಕಾಫಿಯ ಬೆಲೆಯೊಡನೆಯೂ ಹೆಣೆದುಕೊಂಡಿತ್ತೆಂದು ಭಾವಿಸಲು ಕಾರಣಗಳಿವೆ. ಕಾಫಿ ಮಂಡಳಿಯ ಸಾಮೂಹಿಕ ಮಾರಾಟ ಪದ್ಧತಿ 1990ರ ದಶಕದ ಮೊದಲ ಭಾಗದಲ್ಲಿ ಸಡಿಲಗೊಂಡು 1996ರ ಹೊತ್ತಿಗೆ ಬೆಳೆಗಾರರೆಲ್ಲರೂ ನೇರವಾಗಿ ಮಾರುವ ಸ್ವಾತಂತ್ರ್ಯ ಪಡೆದರು. ಅದೇ ಸಮಯದಲ್ಲಿ, 1994ರಲ್ಲಿ, ಬ್ರೆಜಿಲ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಬೆಳೆ ನಾಶವಾದದ್ದರಿಂದ ಜಾಗತಿಕ ಬೆಲೆ ನೆಗೆಯಿತು. ದೊಡ್ಡ ಹಿಡುವಳಿದಾರರು ಇಂತಹ ವರ್ಷಗಳಲ್ಲಿ ಹೊಸ ವಾಹನ ಕೊಂಡಾಗ ಅವರ ಹಳೆಯ ಜೀಪು ಪಕ್ಕದ ಸಣ್ಣ ತೋಟಕ್ಕೆ ಇಳಿಯುವುದು, 2000ದ ಸುಮಾರಿಗೆ ಬೆಲೆ ಕುಸಿದಾಗ ಹೊಸದರ ಯೋಚನೆ ಬಿಟ್ಟು ಇದ್ದದ್ದನ್ನೇ ದುರಸ್ತಿ ಮಾಡಿಸಿಕೊಳ್ಳುವುದು, ಎರಡೂ ಸಹಜವಾಗಿದ್ದವು.

ಈ ನಡುವೆ, 1985ರ ಡಿಸೆಂಬರಿನಲ್ಲಿ, ಜೀಪಿಗೆ ಪ್ರತಿಸ್ಪರ್ಧಿಯಾಗಿ ಮಾರುತಿ ಜಿಪ್ಸಿ ಬಂದಿತ್ತು. 970 ಸಿ.ಸಿ.ಯ ಸಣ್ಣ ಪೆಟ್ರೋಲ್ ಎಂಜಿನ್ನಿನ ಈ ಗಾಡಿಯ ತೂಕ ಒಂದು ಟನ್ನಿನ ಆಸುಪಾಸಿನಲ್ಲಿದ್ದು, ಕೆಸರಿನಲ್ಲಿ ಹೂತುಹೋಗದಿರಲು ಹಗುರತನವೇ ಅದಕ್ಕೆ ನೆರವಾಯಿತು, 1996ರಲ್ಲಿ 1.3 ಲೀಟರಿನ ಎಂಜಿನ್ನಿನೊಂದಿಗೆ ಬಂದ ಜಿಪ್ಸಿ ಕಿಂಗ್ ಬಲದ ಕೊರತೆಯನ್ನೂ ನೀಗಿಸಿತು. ಜಿಪ್ಸಿಯ ಡೀಸೆಲ್ ರೂಪ ಎಂದೂ ಬರಲಿಲ್ಲವಾದ್ದರಿಂದ ಭಾರ ಸಾಗಿಸುವ ತೋಟಗಳು ಜೀಪನ್ನೇ ಉಳಿಸಿಕೊಂಡವು, ರ‍್ಯಾಲಿ ಸ್ಪರ್ಧಿಗಳೂ ಯುವಕರೂ ಜಿಪ್ಸಿಯತ್ತ ಒಲಿದರು. 2019ರಲ್ಲಿ ನಾಗರಿಕರಿಗೆ ಅದರ ಮಾರಾಟ ನಿಂತ ಮೇಲೆ ಹಳೆಯ ಜಿಪ್ಸಿಗಳಿಗೆ ಬೇಡಿಕೆ ಹೆಚ್ಚಿತು.

ಯೂರೋಪಿನಲ್ಲಿ 1980ರ ಆಡಿ ಕ್ವಾಟ್ರೋ ಕಾರಿನಿಂದ ಹೆಸರಾದ ‘ಆಲ್ ವ್ಹೀಲ್ ಡ್ರೈವ್’ ಪದ್ಧತಿ ಜೀಪಿನ ನಾಲ್ಕು ಚಕ್ರ ಚಾಲನೆಗಿಂತ ಬೇರೆ. ಅದರಲ್ಲಿ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆಯೂ ಒಂದು ಡಿಫರೆನ್ಷಿಯಲ್ ಇರುವುದರಿಂದ ಒಣ ಡಾಂಬರಿನ ಮೇಲೂ ನಾಲ್ಕು ಚಕ್ರಗಳು ಸದಾ ಬಲ ಪಡೆಯಬಲ್ಲವು, ಜೀಪಿನಲ್ಲಿ ಹಾಗೆ ಮಾಡಿದರೆ ಟೈರು ಮತ್ತು ಶಾಫ್ಟುಗಳ ಮೇಲೆ ವಿಪರೀತ ಒತ್ತಡ ಬೀಳುತ್ತದೆ. ಭಾರತಕ್ಕೆ ಇಂತಹ ಕಾರುಗಳು ತಡವಾಗಿ, ದುಬಾರಿ ಬೆಲೆಗೆ ಬಂದವು. ಅವುಗಳಲ್ಲಿ ಹಲವು ವಿದ್ಯುನ್ಮಾನ ನಿಯಂತ್ರಣವನ್ನು ನೆಚ್ಚಿಕೊಂಡಿರುವುದರಿಂದ, ಸುತ್ತಿಗೆ, ಸ್ಪಾನರು, ಲೇತುಗಳಿಂದ ಬಗೆಹರಿಯುವ ಜೀಪಿನ ಲೋಕದೊಳಗೆ ಅವುಗಳಿಗೆ ಪ್ರವೇಶ ಸಿಗಲಿಲ್ಲ.

ಕಾನೂನು ಹರಾಜು ಮತ್ತು ಮಾರ್ಪಾಡಿನ ಈ ಇಡೀ ಪದ್ಧತಿಯ ಮೇಲೆ ಮೊದಮೊದಲು ಸಡಿಲವಾಗಿ, ಆಮೇಲೆ ಬಿಗಿಯಾಗಿ ಕೈಯಿಟ್ಟಿತು. ಸೇನೆಯ ವಾಹನ ಸಾಮಾನ್ಯ ಸಾರಿಗೆ ಕಚೇರಿಯಲ್ಲಿ ನೋಂದಣಿಯಾಗಿರುವುದಿಲ್ಲವಾದ್ದರಿಂದ, ಹರಾಜಿನಲ್ಲಿ ಕೊಂಡವರು ಮಾರಾಟದ ಮೂಲ ಕಾಗದಗಳನ್ನು ಹಾಜರುಪಡಿಸಿ ಹೊಸದಾಗಿ ನೋಂದಣಿ ಮಾಡಿಸಬೇಕಾಗುತ್ತದೆ. ಕಾಗದ ಕಳೆದುಹೋದ ಜೀಪಿಗೆ ಸಾರ್ವಜನಿಕ ರಸ್ತೆ ಮುಚ್ಚಿದಂತೆಯೇ, ಅದು ತೋಟದ ಬೇಲಿಯೊಳಗೆ ಗೊಬ್ಬರ ಹೊರುತ್ತ ಉಳಿಯಬೇಕಾಗುತ್ತದೆ. ಈ ಕಾರಣದಿಂದ ಅನುಭವಸ್ಥ ಕೊಳ್ಳುಗರು ಎಂಜಿನ್ನಿನ ಸದ್ದನ್ನು ಕೇಳುವುದಕ್ಕಿಂತ ಮೊದಲು ಚಾಸಿಯ ಮೇಲೆ ಕೊರೆದ ಸಂಖ್ಯೆಯನ್ನು ಆರ್.ಸಿ. ಪುಸ್ತಕದೊಡನೆ ತಾಳೆ ನೋಡುತ್ತಾರೆ, ಏಕೆಂದರೆ ಎಂಜಿನ್ನನ್ನು ಬದಲಿಸಬಹುದು, ಚಾಸಿಯ ಸಂಖ್ಯೆಯನ್ನು ಬದಲಿಸುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಪ್ರಕರಣಕ್ಕೆ 2000ದಲ್ಲಿ ಆದ ತಿದ್ದುಪಡಿ, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತಹ ಬದಲಾವಣೆಯನ್ನು ವಾಹನದಲ್ಲಿ ಮಾಡಬಾರದೆಂದು ವಿಧಿಸಿತು; 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ನಿಲುವನ್ನು ಎತ್ತಿಹಿಡಿಯಿತು. ರಸ್ತೆ ಸುರಕ್ಷತೆಯ ದೃಷ್ಟಿಯಿಂದ ಈ ನಿಯಮಕ್ಕೆ ತಕ್ಕ ಕಾರಣಗಳಿವೆ. ಬ್ರೇಕನ್ನು ಬಲಪಡಿಸದೆ ಎಂಜಿನ್ನನ್ನು ಮಾತ್ರ ದೊಡ್ಡದು ಮಾಡಿದ, ಅಳತೆ ಮೀರಿದ ಟೈರಿಗಾಗಿ ಗಾಡಿಯನ್ನು ಎತ್ತರಿಸಿದ ಜೀಪುಗಳು ಘಟ್ಟದ ತಿರುವುಗಳಲ್ಲಿ ನಿಜಕ್ಕೂ ಅಪಾಯಕಾರಿ. ಆದರೆ ಪ್ರದರ್ಶನಕ್ಕಾಗಿ ಮಾಡಿದ ಮಾರ್ಪಾಡನ್ನೂ, ಸತ್ತ ಪೆಟ್ರೋಲ್ ಎಂಜಿನ್ನಿನ ಜಾಗದಲ್ಲಿ ಡೀಸೆಲ್ ಕೂರಿಸಿ ಮೂವತ್ತು ವರ್ಷ ದುಡಿಸಿದ ಮಾರ್ಪಾಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಈ ವಾಹನದ ಚರಿತ್ರೆಯನ್ನು ಬಲ್ಲವರಿಗೆ ನ್ಯಾಯವೆಂದು ತೋರುವುದಿಲ್ಲ.

ಇಂದು ಕೊಡಚಾದ್ರಿಯ ಏರುದಾರಿಯಲ್ಲಿ, ಮಡಿಕೇರಿ ಸಮೀಪದ ಮಾಂದಲ್‌ಪಟ್ಟಿಯ ದಾರಿಯಲ್ಲಿ ಪ್ರವಾಸಿಗರನ್ನು ಹೊತ್ತೊಯ್ಯುವ ಜೀಪುಗಳಿಂದ ಸ್ಥಳೀಯ ಕುಟುಂಬಗಳಿಗೆ ಹೊಸ ಜೀವನೋಪಾಯ ದೊರೆತಿದೆ, ಹಳೆಯ ಗ್ಯಾರೇಜುಗಳಿಗೂ ಕೆಲಸ ಉಳಿದಿದೆ. ಆದರೆ ಹದಿನೈದು ವರ್ಷ ದಾಟಿದ ಖಾಸಗಿ ನಾಲ್ಕು ಚಕ್ರದ ವಾಹನದ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತ್ತು; ಐದು ವರ್ಷಕ್ಕೊಮ್ಮೆ ಬರುವ ನವೀಕರಣದ ಖರ್ಚಿನೊಡನೆ ವಿಮೆಯನ್ನೂ ತೆರಿಗೆಯನ್ನೂ ಕೂಡಿಸಿದಾಗ ಹಳೆಯ ಜೀಪನ್ನು ರಸ್ತೆಯಲ್ಲಿ ಇಟ್ಟುಕೊಳ್ಳುವ ಲೆಕ್ಕಾಚಾರ ಬದಲಾಗಿದೆ. 2021ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಪಾರಂಪರಿಕ ವಾಹನಗಳ ನಿಯಮಗಳು 50 ವರ್ಷ ಮೀರಿದ ವಾಹನಗಳಿಗೆ ಪ್ರತ್ಯೇಕ ನೋಂದಣಿಯ ಅವಕಾಶ ಕೊಟ್ಟಿವೆಯಾದರೂ, ಚಾಸಿ, ಹೊದಿಕೆ ಅಥವಾ ಎಂಜಿನ್ನಿನಲ್ಲಿ ಗಣನೀಯ ಬದಲಾವಣೆಯಾಗದೆ ಮೂಲರೂಪದಲ್ಲಿಯೇ ಉಳಿದ ವಾಹನಕ್ಕೆ ಮಾತ್ರ ಆ ಮಾನ್ಯತೆ ದೊರೆಯುತ್ತದೆ, ದಿನನಿತ್ಯದ ಓಡಾಟಕ್ಕೆ ಅದನ್ನು ಬಳಸುವಂತೆಯೂ ಇಲ್ಲ. ಮಳೆಯಲ್ಲಿ ದುಡಿಯುತ್ತ ಎಂಜಿನ್ನು, ಅಚ್ಚು, ತಳಗಳನ್ನು ಒಂದೊಂದಾಗಿ ಬದಲಿಸಿಕೊಂಡು ಉಳಿದ ಮಲೆನಾಡಿನ ಜೀಪುಗಳಲ್ಲಿ ಹೆಚ್ಚಿನವು ಈ ವ್ಯಾಖ್ಯೆಯೊಳಗೆ ಬರುವುದಿಲ್ಲ, ಮತ್ತು ಅವುಗಳ ಮಾಲೀಕರು ಐದೈದು ವರ್ಷಕ್ಕೊಮ್ಮೆ ಸಾರಿಗೆ ಕಚೇರಿಯ ತಪಾಸಣೆಗೆ ಗಾಡಿಯನ್ನು ಒಯ್ಯುವುದನ್ನೇ ಮುಂದುವರಿಸಿದ್ದಾರೆ.